ನೀರುಗಂಟಿಯ ಅಂಕಗಳು

ಟ್ಯಾಬ್ ಕೊಟ್ಟು ಬರುವ ದಿನ ಪ್ರತಿ ಮನೆಯಲ್ಲೂ ನಾನು ಹೇಳಬೇಕಾಗಿದ್ದ ಸೂಚನೆಗಳು ಹನ್ನೊಂದು. ಮೊದಲ ಎರಡು ಮನೆಗಳಲ್ಲಿ ಹಾಳೆ ನೋಡಿಕೊಂಡು ಹೇಳಿದೆ, ಮೂರನೆಯದರಿಂದ ಬಾಯಿಪಾಠವಾಯಿತು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ಒಟ್ಟು ಹನ್ನೆರಡು ವಾರ. ಒಬ್ಬರೇ ಕೂತು ಆಡಬೇಕು. ಪಕ್ಕದವರು ಉತ್ತರ ಹೇಳಿಕೊಡಬಾರದು. ಊಟವಾದ ತಕ್ಷಣ ಬೇಡ, ನಿದ್ದೆ ಬರುತ್ತದೆ. ಪರದೆಯನ್ನು ಒಂದೇ ಸಲ ಮುಟ್ಟಿ ಬೆರಳು ತೆಗೆಯಬೇಕು. ಎರಡು ಸಲ ಮುಟ್ಟಿದರೆ ಎರಡು ಉತ್ತರವೆಂದು ಲೆಕ್ಕವಾಗುತ್ತದೆ. ಈ ಮಾತನ್ನು ಮಾತ್ರ ಒತ್ತಿ ಒತ್ತಿ ಹೇಳುತ್ತಿದ್ದೆ. ಹಾಸನದ ಮೊದಲ ಮನೆಯಲ್ಲೇ ಒಬ್ಬರು ಕಾಲಿಂಗ್ ಬೆಲ್ ಒತ್ತುವ ಹಾಗೆ ಒತ್ತಿ ಒಂದು ದಿನದ ದಾಖಲೆಯನ್ನೆಲ್ಲ ಕೆಡಿಸಿದ್ದರು.

ಕೆಲಸ ಇಷ್ಟು: ಅರವತ್ತು ದಾಟಿದ, ಮರೆವಿನ ಕಾಯಿಲೆಯಿಲ್ಲದ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಇಪ್ಪತ್ತನಾಲ್ಕು ಜನರಿಗೆ ಮನೆಯಲ್ಲೇ ಕಂಪ್ಯೂಟರ್ ಆಟಗಳಿಂದ ಮಿದುಳಿಗೆ ವ್ಯಾಯಾಮ. ಅದರಿಂದ ಉಪಯೋಗವಾಗುತ್ತದೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ನಮ್ಮ ಕಡೆಯ ಹಿರಿಯರು ಮನೆಯಲ್ಲಿ ಒಬ್ಬರೇ ಕೂತು ಹನ್ನೆರಡು ವಾರ ಬಿಡದೆ ಆಡಬಲ್ಲರೇ ಎಂಬುದನ್ನು ಮೊದಲು ನೋಡಬೇಕಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ಕಡೆ ಆರು ಜನ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದು ತಾಲ್ಲೂಕು. ಬಸ್ಸಿನಲ್ಲಿ ಹೋಗಿ, ಟ್ಯಾಬಿನಲ್ಲಿದ್ದ ವಾರದ ದಾಖಲೆಯನ್ನು ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡು, ಕಷ್ಟಸುಖ ಕೇಳಿ ಬರುವುದು. ಶುಕ್ರವಾರ ಹಾಸನದ ಕಚೇರಿಯಲ್ಲಿ ಕೂತು ಲೆಕ್ಕ ಹಾಕುವುದು.

ಆಟಗಳು ಮೂರು. ಮೊದಲನೆಯದರಲ್ಲಿ ಹದಿನಾರು ಚೌಕಗಳಲ್ಲಿ ಕೆಲವು ಒಂದಾದ ಮೇಲೊಂದು ಬೆಳಗುತ್ತವೆ. ಅದೇ ಕ್ರಮದಲ್ಲಿ ಮುಟ್ಟಬೇಕು. ಎರಡನೆಯದರಲ್ಲಿ ಹಸಿರು ಎಲೆ ಬಂದ ಕೂಡಲೇ ಮುಟ್ಟಬೇಕು, ಕೆಂಪು ಎಲೆ ಬಂದರೆ ಸುಮ್ಮನಿರಬೇಕು. ಮೂರನೆಯದರಲ್ಲಿ ಹತ್ತು ವಸ್ತುಗಳ ಹೆಸರು ಕೇಳಿಸುತ್ತದೆ. ಬೇರೆ ಆಟ ಆಡಿ ಬಂದ ಮೇಲೆ ಆ ಹತ್ತನ್ನು ಚಿತ್ರಗಳಲ್ಲಿ ಹುಡುಕಬೇಕು.

‘ಒಬ್ಬರೇ ಕೂತು’ ಎಂಬ ಸೂಚನೆಯೇ ಮೊದಲು ಸೋತದ್ದು. ನುಗ್ಗೇಹಳ್ಳಿಯ ಒಂದು ಮನೆಯಲ್ಲಿ ಅಜ್ಜಿ ಜಗಲಿಯ ಮೇಲೆ ಟ್ಯಾಬ್ ತೆಗೆದರೆ ಬೀದಿಯವರೆಲ್ಲ ಸುತ್ತ ನಿಂತು “ಮೇಲಿಂದು, ಮೇಲಿಂದು ಮುಟ್ಟಜ್ಜಿ!” ಎಂದು ಕೂಗುತ್ತಿದ್ದರು. ದೇವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಆಡಿ ಎಂದು ನಾನೇ ದಾರಿ ಹೇಳಿದೆ. ಮರುವಾರ ಹೋದಾಗ ಟ್ಯಾಬಿನ ಮೂಲೆಯಲ್ಲಿ ಕುಂಕುಮವಿತ್ತು. ರುದ್ರಪಟ್ಟಣದಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಒಬ್ಬ ತಾಯಿ ಚೌಕಗಳು ಬೆಳಗುವಾಗ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. “ಇದು ತಪ್ಪೇನಮ್ಮಾ?” ಎಂದು ಕೇಳಿದರು. ಹನ್ನೊಂದು ಸೂಚನೆಗಳಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ. ದಿನಚರಿಯಲ್ಲಿ ಬರೆದುಕೊಂಡೆ.

ಮೂರನೇ ವಾರಕ್ಕೆ ಉತ್ಸಾಹ ಇಳಿಯಿತು. ಇಪ್ಪತ್ತನಾಲ್ಕು ಜನ ಐದೈದು ದಿನ ಆಡಿದ್ದರೆ ನೂರಿಪ್ಪತ್ತು ಸರತಿ ಆಗಬೇಕು. ನನ್ನ ಲೆಕ್ಕಕ್ಕೆ ಬಂದದ್ದು ಎಂಬತ್ತಮೂರು. ಮದುವೆ, ರಾಗಿ ಕೊಯ್ಲು, ಕರೆಂಟಿಲ್ಲ, ಹೀಗೆ ಕಾರಣಗಳು. ಚನ್ನರಾಯಪಟ್ಟಣದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದರು, ಒಂದು ದಿನವೂ ತಪ್ಪಿಸಿರಲಿಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು:

“ಪರೀಕ್ಷೆ ಮಾಡ್ತೀಯ, ರ‍್ಯಾಂಕ್ ಹೇಳಲ್ಲ. ಹಂಗಾದ್ರೆ ಯಾವ ಹುಡುಗ ಓದ್ತಾನಮ್ಮ? ನನ್ನದು ಎಷ್ಟನೇ ನಂಬರು ಅಂತಾದ್ರೂ ಹೇಳು.”

“ಇದು ಪರೀಕ್ಷೆ ಅಲ್ಲ ಸಾರ್.”

“ಅಂಕ ಬರುತ್ತಲ್ಲ? ಅಂಕ ಬಂದ್ಮೇಲೆ ಪರೀಕ್ಷೇನೇ.”

ನನಗೆ ಅದು ಹಿಡಿಸಿತು. ಪಟ್ಟಿ ಮಾಡುವುದೆಂದರೆ ನನಗೆ ಚಿಕ್ಕಂದಿನಿಂದ ಇಷ್ಟ. ಸೂಚನೆಗಳನ್ನು ನೆನಪಿಸಲೆಂದು ಎಲ್ಲ ಮನೆಯವರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದ್ದೆ. ಆ ಶುಕ್ರವಾರ ಮೂರೂ ಆಟಗಳ ಅಂಕ ಕೂಡಿಸಿ, ಒಂದರಿಂದ ಇಪ್ಪತ್ತನಾಲ್ಕರವರೆಗೆ ಹೆಸರು ಬರೆದು ಅದರಲ್ಲಿ ಹಾಕಿದೆ. ಮರುವಾರ ಸರತಿಗಳು ನೂರನಾಲ್ಕಾದವು. ನನ್ನ ಉಪಾಯ ಫಲಿಸಿತೆಂದು ಹೆಮ್ಮೆಯಾಯಿತು. ಈ ಅಧ್ಯಯನ ನಡೆಸುತ್ತಿದ್ದ ನಮ್ಮ ಮುಖ್ಯಸ್ಥೆಗೆ ಸರತಿ ಹೆಚ್ಚಾದದ್ದನ್ನು ಹೇಳಿದೆ, ಪಟ್ಟಿಯ ವಿಷಯ ಹೇಳಲಿಲ್ಲ. ಮರೆತೆನೆಂದರೆ ಸುಳ್ಳಾಗುತ್ತದೆ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು.

ಮೊದಲ ಪಟ್ಟಿಯಲ್ಲಿ ಒಂಬತ್ತನೆಯವರು ಹಳೇಕೋಟೆ ಕಡೆಯ ಒಂದು ಹಳ್ಳಿಯ ನೀರುಗಂಟಿ. ವಯಸ್ಸು ಎಪ್ಪತ್ತೊಂದು. ಆ ಊರಿನ ಕೆರೆಯ ಕೆಳಗೆ ಅರವತ್ತಮೂರು ಹಿಡುವಳಿಗಳ ಅಚ್ಚುಕಟ್ಟು ಇದೆ. ಕೆರೆಯ ತೂಬು ತೆಗೆದು, ಕಾಲುವೆಯಲ್ಲಿ ನೀರು ಹರಿಸಿ, ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂದು ಸರದಿಯಂತೆ ಕಟ್ಟುವವನೇ ನೀರುಗಂಟಿ. ಅವರಿಗೆ ಮೊದಲು ಅವರ ಅಪ್ಪ ಆ ಕೆಲಸ ಮಾಡುತ್ತಿದ್ದರು. ಸರದಿ ಎಲ್ಲೂ ಬರೆದಿಲ್ಲ. ಗದ್ದೆ ಮಾರಾಟವಾದರೆ, ಪಾಲಾದರೆ, ಇಬ್ಬರು ಸರದಿ ಬದಲಾಯಿಸಿಕೊಂಡರೆ ಎಲ್ಲ ಅವರ ತಲೆಯಲ್ಲೇ. ಬೆಳಿಗ್ಗೆ ಗದ್ದೆ ಕಡೆ ಹೋಗಿ ಬಂದು, ಪಡಸಾಲೆಯ ಕಂಬಕ್ಕೆ ಒರಗಿ, ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಆಡುತ್ತಿದ್ದರು. ಅವರ ಸೊಸೆ ಡೈರಿಗೆ ಹಾಲು ಹಾಕಲು ಹೋದಾಗ ಫೋನಿನಲ್ಲಿ ಪಟ್ಟಿ ತೋರಿಸಿ, “ನಮ್ಮಾವ ಮೇಷ್ಟ್ರುಗಳ ಜೊತೇಲಿ ಒಂಬತ್ತನೇ ನಂಬ್ರು” ಎಂದು ಹೇಳಿಕೊಂಡಳಂತೆ. ಮರುವಾರದಿಂದ ಶುಕ್ರವಾರ ಸಂಜೆ ಡೈರಿಯಲ್ಲಿ ಎಲ್ಲರೂ ಅವಳನ್ನು ಕೇಳತೊಡಗಿದರು: “ಈ ವಾರ ಎಷ್ಟ್‌ನೇದವ್ವಾ?”

ನಾಲ್ಕನೇ ವಾರ ಹತ್ತು. ಐದನೇ ವಾರ ಹದಿಮೂರು. ಆಮೇಲೆ ಹದಿನೇಳು, ಇಪ್ಪತ್ತೊಂದು. ಎಂಟನೇ ವಾರ ಇಪ್ಪತ್ತನಾಲ್ಕು. ನಾನು ಆ ಅಂಕಿಗಳನ್ನು ನೋಡಿದ್ದೆ. ಬೇರೆಯವರು ಮುಂದೆ ಹೋದರು, ಇವರು ಹಿಂದುಳಿದರು ಎಂದಷ್ಟೇ ಅಂದುಕೊಂಡೆ. ಪಟ್ಟಿಯಲ್ಲಿ ಕೊನೆಯವರೊಬ್ಬರು ಇರಲೇಬೇಕಲ್ಲ.

ಒಂಬತ್ತನೇ ವಾರದ ಮಂಗಳವಾರ ನಾನು ಬಸ್ಸಿಳಿದಾಗ ಸೊಸೆ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಮನೆಯಲ್ಲಿ ಮಾತಾಡಲು ಇಷ್ಟವಿರಲಿಲ್ಲವೆಂದು ಆಮೇಲೆ ತಿಳಿಯಿತು.

“ಮೇಡಂ, ಆ ಪಟ್ಟಿ ಹಾಕೋದ್ನ ನಿಲ್ಸಕಾಯ್ತದಾ?”

“ಯಾಕಕ್ಕ?”

“ನಮ್ಮಾವಂಗೆ ಮರೆವು ಬಂದ್ಬುಟ್ಟದೆ ಅಂತ ಊರೆಲ್ಲ ಮಾತು. ಕಂಪ್ಯೂಟ್ರೇ ಯೋಳ್ತಾ ಅದಲ್ಲ, ವಾರವಾರಕ್ಕೂ ಇಳೀತಾವ್ರೆ ಅಂತಾರೆ. ಈ ಬೇಸಾಯಕ್ಕೆ ನೀರು ಬೇರೆಯೋರ ಕೈಗೆ ಕೊಡ್ಬೇಕು ಅಂತ ಸಂಘದೋರು ಸಭೆ ಕರ‍್ದವ್ರೆ. ಬರೋ ಭಾನುವಾರದ್ ಬುಟ್ಟು ಆಚೆ ಭಾನುವಾರ.” ಮನೆ ಕಡೆ ಹೆಜ್ಜೆ ಹಾಕುತ್ತ ಹೇಳಿದಳು, “ಡೈರೀಲಿ ತೋರ‍್ಸಿದ್ದೋಳು ನಾನೇಯ. ಮಾವಂಗೆ ಗೊತ್ತು. ಒಂದು ಮಾತೂ ಆಡಾಕಿಲ್ಲ, ಅದೇ ತಡ್ಯಕಾಯ್ತಿಲ್ಲ ನಂಗೆ.”

ಮನೆಗೆ ಹೋದೆ. ನೀರುಗಂಟಿ ತಾತ ಎಂದಿನಂತೆ ನೀರು ಕೊಡಿಸಿದರು, ಟ್ಯಾಬ್ ತಂದುಕೊಟ್ಟರು. ದಾಖಲೆ ಎಳೆದುಕೊಳ್ಳುವಾಗ ಎದುರಿಗೆ ಕೂತು ಬೆರಳುಗಳ ಸಂದಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದರು. “ಎಂಗವ್ವಾ ಈ ವಾರ, ಪಾಸಾ ಫೇಲಾ?” ಎಂದು ಕೇಳಿ ನಕ್ಕರು. ನಾನು ಏನು ಉತ್ತರ ಹೇಳಿದೆನೆಂದು ದಿನಚರಿಯಲ್ಲಿ ಬರೆದಿಲ್ಲ.

ಆ ಶುಕ್ರವಾರ ಪಟ್ಟಿ ಹಾಕಲಿಲ್ಲ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, “ರಿಸಲ್ಟ್ ತಡೆ ಹಿಡಿದಿದ್ದೀಯಾ?” ಎಂದರು. ಅವರಿಗೆ ಏನೋ ಹೇಳಿ, ನೀರುಗಂಟಿ ತಾತನ ಒಂಬತ್ತು ವಾರಗಳ ದಾಖಲೆಯನ್ನು ತೆರೆದು ಕೂತೆ. ಅದುವರೆಗೆ ನಾನು ನೋಡುತ್ತಿದ್ದದ್ದು ಒಟ್ಟು ಅಂಕ ಮಾತ್ರ. ಟ್ಯಾಬಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುತ್ತದೆ: ಪರದೆಯ ಎಲ್ಲಿ, ಯಾವ ಕ್ಷಣದಲ್ಲಿ ಬೆರಳು ಬಿತ್ತು ಎಂಬ ಸಾಲು ಸಾಲು. ಸಾವಿರಾರು ಸಾಲುಗಳು. ಎಂಟನೇ ವಾರದ ಚೌಕದಾಟ ಒಂದನ್ನೇ ತೆಗೆದುಕೊಂಡು ತಪ್ಪುಗಳನ್ನು ಕೈಯಲ್ಲಿ ಎಣಿಸಿದೆ. ನಲವತ್ತೊಂದು. ಪ್ರತಿಯೊಂದರ ಎದುರಿಗೂ ಯಾವ ಬಗೆಯ ತಪ್ಪು ಎಂದು ಬರೆಯುತ್ತ ಹೋದೆ. ಬೇರೆ ಚೌಕ ಮುಟ್ಟಿದ್ದು, ಕ್ರಮ ತಪ್ಪಿದ್ದು, ಎರಡೂ ಸೇರಿ ನಾಲ್ಕು. ಉಳಿದ ಮೂವತ್ತೇಳರಲ್ಲೂ ಒಂದೇ ಕಥೆ: ನಡುವೆ ಒಂದು ಚೌಕ ಬಿಟ್ಟುಹೋಗಿತ್ತು, ಅದರ ಹಿಂದಿನದೂ ಮುಂದಿನದೂ ಸರಿಯಾಗಿದ್ದವು.

ಹೋಲಿಸಲೆಂದು ಬೇರೆ ಇಬ್ಬರ ದಾಖಲೆ ತೆಗೆದೆ. ಮರೆತವರು ಹಾಗೆ ತಪ್ಪುವುದಿಲ್ಲ. ಮೂರನೆಯದು ಮರೆತರೆ ನಾಲ್ಕನೆಯದೂ ದಿಕ್ಕು ತಪ್ಪುತ್ತದೆ, ಅಂದಾಜಿನ ಮೇಲೆ ಎಲ್ಲೋ ಮುಟ್ಟುತ್ತಾರೆ. ಆ ಮೂವತ್ತೇಳರಲ್ಲಿ ಇವರು ಅಂದಾಜಿನ ಮೇಲೆ ಎಲ್ಲೂ ಮುಟ್ಟಿರಲಿಲ್ಲ.

ಮುಂದಿನ ಮಂಗಳವಾರ ತಾತನ ಪಕ್ಕದಲ್ಲೇ ಕೂತು, “ನೀವು ಆಡಿ, ನಾನು ಸುಮ್ಮನೆ ನೋಡುತ್ತೇನೆ” ಎಂದೆ. ಐದು ಚೌಕಗಳು ಬೆಳಗಿದವು. ತಾತ ತೋರುಬೆರಳಿನಿಂದ ಒಂದು, ಎರಡು ಮುಟ್ಟಿದರು, ಅವು ಬೆಳಗಿದವು. ಮೂರನೆಯದನ್ನು ಮುಟ್ಟಿದರು; ಬೆಳಗಲಿಲ್ಲ. ಬೆರಳು ಸರಿಯಾದ ಚೌಕದ ಮೇಲೇ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಅವರು ಬೆರಳು ತೆಗೆದು ನಾಲ್ಕನೆಯದಕ್ಕೆ ಹೋದರು.

“ತಾತ, ಅದು ಬೆಳಗಲಿಲ್ಲವಲ್ಲ. ಇನ್ನೊಂದು ಸಲ ಮುಟ್ಟಬಾರದಿತ್ತಾ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನೀನೇ ಯೋಳಿದ್ದಲ್ಲವ್ವಾ, ಒಂದೇ ಸಲ ಮುಟ್ಟಿ ಕೈ ತಗೀಬೇಕು ಅಂತ.”

“ಬೆಳಗದಿದ್ದರೂ?”

“ಬೆಳಗದಿದ್ರೆ ಏನ್ ಮಾಡ್ಬೇಕು ಅಂತ ನೀನು ಯೋಳ್ನಿಲ್ಲ. ನಾ ಮುಟ್ಟಿದ್ನ ಅದು ಒಪ್ಕಳ್ನಿಲ್ಲ ಅಂತ ಸುಮ್ಕಾದೆ. ರೇಷನ್ ಅಂಗ್ಡಿ ಮಿಸಿನ್ನೂ ನನ್ನ ಬೆರಳ್ನ ಒಪ್ಕಳಾಕಿಲ್ಲ. ಅದ್ಕೆ ಸೊಸೆ ಓಯ್ತಾಳೆ.”

ಅವರ ಕೈ ಹಿಡಿದು ನೋಡಿದೆ. ಐವತ್ತು ವರ್ಷ ಗುದ್ದಲಿ ಹಿಡಿದ ಕೈ. ಬೆರಳ ತುದಿಗಳು ಕರಟದ ಹಾಗೆ ಗಟ್ಟಿಯಾಗಿ, ಚಳಿಗೆ ಒಡೆದು, ಬಿರುಕಿನಲ್ಲಿ ಎಣ್ಣೆ ನಿಂತಿತ್ತು. ಮೊದಲ ವಾರಗಳಲ್ಲಿ ಭತ್ತಕ್ಕೆ ಕೊನೆಯ ನೀರು ನಡೆಯುತ್ತಿತ್ತು. ತಾತ ಕಾಲುವೆಯಿಂದ ನೇರ ಬಂದು, ನೆನೆದ ಮೆತ್ತನೆ ಬೆರಳುಗಳಲ್ಲಿ ಆಡುತ್ತಿದ್ದರು. ಆಮೇಲೆ ತೂಬು ಮುಚ್ಚಿತು, ಚಳಿ ಬಂತು, ಕೈ ಒಣಗಿತು. ಇದು ಸಾಲದೆಂಬಂತೆ, ಬಿದ್ದರೆ ಒಡೆಯಬಾರದೆಂದು ಎಲ್ಲ ಟ್ಯಾಬಿಗೂ ದಪ್ಪ ಗಾಜಿನ ಹಾಳೆ ಅಂಟಿಸಿದವಳು ನಾನೇ. ಪರದೆಗೆ ಆ ಬೆರಳು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಎಲೆಯಾಟದಲ್ಲೂ ಅದೇ: ಮುಟ್ಟಿದ್ದು ದಾಖಲಾಗದೆ, ಎಲೆ ತಾನಾಗಿ ಮಾಯವಾಗಿ, ‘ನೋಡಲಿಲ್ಲ’ ಎಂದು ಬರೆಯಲ್ಪಡುತ್ತಿತ್ತು.

ಬುಧವಾರ ಅರಕಲಗೂಡು ಮುಗಿಸಿ ಸಂಜೆ ಹಾಸನಕ್ಕೆ ಬಂದವಳೇ ಮುಖ್ಯಸ್ಥೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬೆರಳಿನದು ಹೇಳುವುದು ಸುಲಭವಾಗಿತ್ತು. ಪಟ್ಟಿಯದು ಕಷ್ಟವಾಯಿತು. ಅವರು ವಾಟ್ಸಾಪ್ ಗುಂಪನ್ನು ತೆರೆಸಿ, ಮೂರನೇ ವಾರದಿಂದ ಎಂಟನೇ ವಾರದವರೆಗೆ ಆರೂ ಪಟ್ಟಿಗಳನ್ನು ಓದಿದರು.

“ಇವರೆಲ್ಲ ನಮ್ಮನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡವರು. ಅವರ ಅಂಕ ಅವರಿಗೆ ಬಿಟ್ಟು ಇನ್ನೊಬ್ಬರಿಗೆ ಹೇಳಲ್ಲ ಅಂತ ಸಹಿ ಮಾಡಿಕೊಟ್ಟಿದ್ದೇವೆ. ಆ ಕಾಗದ ಓದಿ ಹೇಳಿದವಳು ನೀನೇ ಅಲ್ಲವಾ?”

“ಹೌದು ಮೇಡಂ.”

ನನ್ನ ಕೆಲಸ ಹೋಯಿತೆಂದುಕೊಂಡೆ. ಅವರು ಫೋನನ್ನು ನನ್ನ ಕಡೆ ಸರಿಸಿದರು. ಆಮೇಲೆ ಕೆಲಸದ ಮಾತಿಗೆ ಬಂದರು. ಎಲ್ಲರ ಕ್ಷಮೆ ಕೇಳಿ ಗುಂಪನ್ನು ಮುಚ್ಚಬೇಕು. ತಾತನ ಟ್ಯಾಬಿನ ಗಾಜಿನ ಹಾಳೆ ತೆಗೆದು, ತುದಿಗೆ ರಬ್ಬರ್ ಇರುವ ಕಡ್ಡಿ ಕೊಟ್ಟು ಆಡಿಸಬೇಕು. ಆ ದಾಖಲೆಯನ್ನು ಬೇರೆಯಾಗಿಡಬೇಕು, ಹಳೆಯದರ ಜೊತೆ ಸೇರಿಸಬಾರದು. ಭಾನುವಾರದ ಸಭೆಗೆ ನಾನು ಹೋಗಬಹುದು. “ಹೋಗಲೇಬೇಕು,” ಎಂದು ತಿದ್ದಿದರು.

ಶನಿವಾರ ಕಡ್ಡಿ ಕೊಟ್ಟೆ. ತಾತ ಅದನ್ನು ಬೀಡಿ ಹಿಡಿದ ಹಾಗೆ ಹಿಡಿದರು. ಚೌಕದಾಟದಲ್ಲಿ ಮೊದಲ ವಾರಗಳ ಮಟ್ಟಕ್ಕೆ ಬಂದರು, ಒಂದು ಸುತ್ತಿನಲ್ಲಿ ಅದನ್ನೂ ದಾಟಿದರು. ಎಲೆಯಾಟವೂ ಸರಿಹೋಯಿತು. ಸೊಸೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆಮೇಲೆ ಹತ್ತು ವಸ್ತುಗಳ ಆಟ. ಅದರಲ್ಲಿ ನಾಲ್ಕು ಬಂದವು. ಇನ್ನೊಮ್ಮೆ ಆಡಿಸಿದೆ. ನಾಲ್ಕು. ಹಿಂದಿನ ದಾಖಲೆ ನೋಡಿದೆ: ಮೊದಲ ವಾರಗಳಲ್ಲಿ ಆರು, ಏಳು ಇತ್ತು. ಈಗ ಕೈಯಲ್ಲಿ ಕಡ್ಡಿಯಿತ್ತು, ಮುಟ್ಟಿದ್ದೆಲ್ಲ ದಾಖಲಾಗುತ್ತಿತ್ತು, ಬೆರಳನ್ನು ದೂರುವಂತಿರಲಿಲ್ಲ.

ತಾತನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಇದೊಂದು ಆಟದಲ್ಲಿ ಕಡಿಮೆ ಬರುತ್ತಿದೆ, ಯಾಕೆಂದು ನನಗೆ ಗೊತ್ತಿಲ್ಲ, ಬೇಕೆನಿಸಿದರೆ ಡಾಕ್ಟರಿಗೆ ತೋರಿಸಬಹುದು ಎಂದು ಹೇಳಿದೆ.

“ಡಾಕ್ಟ್ರತ್ರ ಓಗಾದಾದ್ರೆ ಮೊಣಕಾಲ್ಗೆ ಓಗ್ಬೇಕು ಮೊದ್ಲು,” ಎಂದರು ತಾತ. ನಂತರ ಮೆಲ್ಲಗೆ, “ಸುಳ್ಳಲ್ಲ ಕಣವ್ವ. ವಸಿ ಮರೀತೀನಿ. ಮೊಮ್ಮಗಳ ಹೆಸರು ಕರೆಯಾಕೋಗಿ ಮಗಳ ಹೆಸರು ಬತ್ತದೆ. ಆದ್ರೆ ನೀರಿಂದೇ ಬೇರೆ. ನಾಳೀಕೆ ಬಂದು ಏನ್ ಯೋಳ್ತೀಯ?”

ನಾನು ಮುಖ್ಯಸ್ಥೆಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: “ನಾಲ್ಕು ಬಂದದ್ದರ ಅರ್ಥ ನಮಗೆ ಗೊತ್ತಿಲ್ಲ. ಎರಡು ಆಟ ಸರಿಹೋದದ್ದರ ಅರ್ಥವೂ ಗೊತ್ತಿಲ್ಲ. ಅವರ ತಲೆ ಕೆಟ್ಟಿದೆ ಅಂತ ಹೇಳೋ ಹಕ್ಕು ನಿನಗಿರಲಿಲ್ಲ. ಸರಿಯಾಗಿದೆ ಅಂತ ಹೇಳೋ ಹಕ್ಕೂ ಇಲ್ಲ.”

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇದೊಂದನ್ನೇ ಯೋಚಿಸಿದೆ. ನಾನು ಹೋಗಿ ‘ಮಿಷನ್ನಿನ ತಪ್ಪು, ತಾತನ ಮಿದುಳು ಚುರುಕಾಗಿದೆ’ ಎಂದುಬಿಟ್ಟರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಊರು ನಂಬುತ್ತದೆ. ಅರ್ಧ ಸತ್ಯವೂ ಹೌದು. ಯಾರಿಗೂ ನಷ್ಟವಿಲ್ಲ. ಆದರೆ ನಾಳೆ ಇನ್ಯಾರದೋ ಬಗ್ಗೆ, ಇನ್ಯಾವುದೋ ಅಂಕ ಹಿಡಿದು ನಾನೋ ನನ್ನಂಥವರೋ ಬಂದಾಗ ಆ ಊರು ಅದನ್ನೂ ನಂಬಬೇಕಾಗುತ್ತದೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ, ಹಾಗೆ ಹೇಳಬಾರದೆಂದು ತೀರ್ಮಾನಿಸಿದ್ದೆ. ಅದರಿಂದ ತಾತನಿಗೆ ಕೆಡುಕಾದರೆ ಎಂಬ ಭಯ ಮಾತ್ರ ಹೋಗಲಿಲ್ಲ.

ಸಭೆ ಡೈರಿಯ ಮುಂದಿನ ತಗಡಿನ ಚಪ್ಪರದಲ್ಲಿ. ನಲವತ್ತು ಜನ ಇದ್ದರು. ನೀರು ಬಳಸುವವರ ಸಂಘದ ಕಾರ್ಯದರ್ಶಿ ನಲವತ್ತರ ಆಸುಪಾಸಿನವರು, ಕೆಟ್ಟವರಲ್ಲ. ಅವರ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿತ್ತು. ಹಿಂದಿನ ಬೆಳೆಗೆ ಒಂದು ಸರದಿ ನೀರು ಎರಡು ದಿನ ತಡವಾಗಿ ಬಂದಿತ್ತು. ಪಟ್ಟಿ ನೋಡಿದ ಮೇಲೆ ಅದರ ಕಾರಣ ತಿಳಿಯಿತೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು.

ನಾನು ಎದ್ದು ನಿಂತು ಹೇಳಿದೆ. ಆ ಪಟ್ಟಿ ಹಾಕಿದವಳು ನಾನು. ಹಾಕಬಾರದಿತ್ತು, ಯಾರನ್ನೂ ಕೇಳದೆ ಹಾಕಿದೆ. ತಾತನ ಒಣಗಿದ ಬೆರಳು ಪರದೆಗೆ ತಾಗುತ್ತಿರಲಿಲ್ಲ. ಒಂದೇ ಸಲ ಮುಟ್ಟಿ ಎಂದು ನಾನು ಹೇಳಿದ್ದನ್ನು ಅವರು ಮೀರಲಿಲ್ಲ. ಅಂಕ ಇಳಿಯಲು ಅದೊಂದು ಕಾರಣ. ಎಲ್ಲಕ್ಕಿಂತ ಹೆಚ್ಚಾಗಿ, ಅವು ಆಟದ ಅಂಕಗಳು. ಯಾರಿಗೆ ಮರೆವಿದೆ, ಯಾರಿಗಿಲ್ಲ ಎಂದು ಅವು ಹೇಳುವುದಿಲ್ಲ.

“ಅಂಗಾರೆ ತಾತನ ತಲೆ ನೆಟ್ಟಗದೆ ಅಂತ ಒಂದು ಕಾಗ್ದ ಬರ‍್ಕೊಡಿ ಮೇಡಂ. ಸಂಘದ ಫೈಲ್ಗಾಕ್ಕತೀವಿ. ಮುಗೀತು,” ಎಂದರು ಕಾರ್ಯದರ್ಶಿ.

“ಅದನ್ನು ನಾನು ಬರೆದುಕೊಡುವುದಕ್ಕಾಗುವುದಿಲ್ಲ.”

“ಯಾಕೆ?”

“ನನಗೆ ಗೊತ್ತಿಲ್ಲ. ನಮ್ಮ ಆಟದಿಂದ ಅದು ಗೊತ್ತಾಗುವುದೂ ಇಲ್ಲ.”

ಚಪ್ಪರದಲ್ಲಿ ಗುಸುಗುಸು ಎದ್ದಿತು. ಸೊಸೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಹಿಂದಿನಿಂದ ಯಾರೋ, “ಇಳಿಸಾಕೆ ಗೊತ್ತಾಯ್ತದೆ, ಅತ್ತಿಸಾಕೆ ಗೊತ್ತಾಗಾಕಿಲ್ವಾ?” ಎಂದರು. ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಿ ಕೂತೆ.

ಆಗ ತಾತ ಎದ್ದರು. “ಆ ಮಗೀನ ಯಾಕ್ ಕೇಳ್ತೀರ‍್ಲಾ. ತೂಬು ತಗೀರಿ, ಒಂದು ಸುತ್ತು ನೀರ್ ಕಟ್ತೀನಿ. ಪುಸ್ತಕ ಇಡ್ಕಂಡು ನನ್ನಿಂದೆ ಬಾ, ನೋಡು. ಕಟ್ನಿಲ್ಲ ಅಂದ್ರೆ ಗುದ್ದಲಿ ನಿನ್ ಕೈಗೆ ಕೊಟ್ಟು ಮನೀಕೋತೀನಿ.”

ಹಾಗೆಂದೇ ತೀರ್ಮಾನವಾಯಿತು. ಕಾರ್ಯದರ್ಶಿ ಷರತ್ತೊಂದನ್ನು ಸೇರಿಸಿದರು: ಮೊದಲ ಸುತ್ತಿನಲ್ಲಿ ಮೂರು ಗದ್ದೆ ತಪ್ಪಿಸಿದರೆ ಬೇರೆಯವರು. ತಾತ ಒಪ್ಪಿದರು. ಲೆಕ್ಕ ಇಟ್ಟು ನೋಡುವ ಈ ಬುದ್ಧಿಯನ್ನು ಊರಿಗೆ ಕಲಿಸಿಕೊಟ್ಟವಳು ನಾನೇ ಎಂದು ಎನಿಸಿ ತಲೆ ತಗ್ಗಿಸಿದೆ.

ತೂಬು ತೆಗೆದದ್ದು ಮಂಗಳವಾರ, ನಾನು ಆ ಕಡೆ ಹೋಗುವ ದಿನವೇ. ಬಸ್ಸಿಳಿದು ನೇರ ಕೆರೆ ಏರಿಯ ಮೇಲೆ ಹೋದೆ. ತಾತ ಮುಂದೆ, ಹೆಗಲ ಮೇಲೆ ಗುದ್ದಲಿ. ಹಿಂದೆ ಕಾರ್ಯದರ್ಶಿ, ಕೈಯಲ್ಲಿ ಉದ್ದನೆಯ ನೋಟ್‌ಬುಕ್, ಅರವತ್ತಮೂರು ಹೆಸರು ಬರೆದದ್ದು. ಕೊನೆಗೆ ನಾನು. ತಾತ ಪ್ರತಿ ಗದ್ದೆಯ ಬಾಯಲ್ಲೂ ನಿಂತು, ಮಣ್ಣು ಎಳೆದು ನೀರು ತಿರುಗಿಸಿ, ಹೊತ್ತು ಎಷ್ಟಾಯಿತೆಂದು ಸೂರ್ಯನ ಕಡೆ ನೋಡಿ, ಹೋಗುತ್ತಿದ್ದರು. ನಡುನಡುವೆ ಬೈಗುಳ: “ಬದ ಇಂಗ್ ಕೊರ‍್ದವ್ನಲ್ಲ, ಇವ್ನ ಅಪ್ಪ ಇಂಗಿರ‍್ನಿಲ್ಲ.” ಹದಿನಾರನೆಯದರವರೆಗೆ ಕಾರ್ಯದರ್ಶಿಯ ಪೆನ್ನು ಸುಮ್ಮನೆ ಸರಿ ಗುರುತು ಹಾಕುತ್ತ ಬಂತು.

ಹದಿನೇಳನೆಯದು ಒಂದು ಮೂಲೆಗದ್ದೆ. ಕಾಲುವೆ ಅಲ್ಲಿ ಸೊಟ್ಟಗೆ ತಿರುಗುತ್ತದೆ, ಲಂಟಾನದ ಪೊದೆ ಬೆಳೆದು ಗದ್ದೆಯ ಬಾಯಿ ಕಾಣುವುದಿಲ್ಲ. ತಾತ ಅದನ್ನು ದಾಟಿ ಮುಂದೆ ಹೋದರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕಾರ್ಯದರ್ಶಿ ನಿಂತರು. ನನ್ನ ಕಡೆ ಒಮ್ಮೆ ನೋಡಿ, ಪುಸ್ತಕ ತೆರೆದು ಬರೆಯತೊಡಗಿದರು.

“ಮಾವೋ!” ಗದ್ದೆಯೊಳಗಿಂದ ಒಬ್ಬ ಹೆಂಗಸು ಕೂಗಿದಳು. ಐವತ್ತು ದಾಟಿದವಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಆ ಗದ್ದೆಯ ಒಡತಿ. “ಇತ್ಲಾಗ್ ಬಾ, ನಂದು ಬುಟ್ಟೆ!”

ತಾತ ತಿರುಗಿದರು. “ಬುಟ್ನೇನವ್ವಾ? ಬಂದೆ ಬಂದೆ,” ಎನ್ನುತ್ತ ಅದೇ ಹೆಜ್ಜೆಯಲ್ಲಿ ಹಿಂದೆ ಬಂದು, ಪೊದೆಯನ್ನು ಗುದ್ದಲಿಯಿಂದ ಒತ್ತರಿಸಿ ಮಣ್ಣು ಎಳೆದರು. ನೀರು ಒಳಗೆ ಹರಿಯಿತು.

ಹೆಂಗಸು ಕಾರ್ಯದರ್ಶಿಯ ಪುಸ್ತಕ ನೋಡಿ ಬದುವಿನ ಮೇಲೆ ಬಂದಳು. “ಏನ್ ಬರ‍್ಕತಾ ಇದ್ದೀಯ್ಲಾ?”

“ತಪ್ಪಿದ್ದು ಒಂದು, ಅಂತ.”

“ಅಯ್ಯೋ ನಿನ್ನ! ಮಾವ ಈ ಮೂಲೆನ ಇಪ್ಪತ್ತೊರ್ಸದಿಂದ ಮರೀತಾನೆ ಅವ್ನೆ. ನಾ ಕೂಗ್ತೀನಿ, ಬತ್ತಾನೆ. ಒಂದ್ಸಲನೂ ನನ್ ಗದ್ದೆ ಒಣಗಿಲ್ಲ. ನಾಳೆ ನೀನ್ ಬಂದು ನೀರ್ ಕಟ್ಟು, ನೀನೂ ಮರೀತೀಯ. ನಾ ಕೂಗಿದ್ರೆ ಬತ್ತೀಯೋ, ಪುಸ್ತಕ ತಗ್ದು ತೋರ‍್ಸ್ತೀಯೋ, ಅದ್ನ ಯೋಳು.”

ತಾತ ಆಗಲೇ ಹದಿನೆಂಟನೆಯದರ ಕಡೆ ಹೋಗಿಯಾಗಿತ್ತು, ಈ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಕಾರ್ಯದರ್ಶಿ ಬರೆದದ್ದನ್ನು ಹೊಡೆದುಹಾಕಲಿಲ್ಲ. ಆ ಸಾಲಿನ ಮುಂದೆ ‘ನೀರು ಬಂತು’ ಎಂದು ಸೇರಿಸಿದರು. ಆಮೇಲೆ ಹಿಂದಿನ ಹದಿನಾರು ಸಾಲುಗಳ ಎದುರಿಗೂ ಅದನ್ನೇ ಬರೆಯುತ್ತ, ಬದುವಿನ ಮೇಲೆ ಎಡವುತ್ತ ತಾತನ ಹಿಂದೆ ನಡೆದರು.

ಒಂದು ಸುತ್ತಿಗೆ ನಾಲ್ಕು ದಿನ ಬೇಕು. ಶುಕ್ರವಾರ ಸಂಜೆ ನಾನು ಕಚೇರಿಯಲ್ಲಿದ್ದಾಗ ಸೊಸೆಯ ಫೋನ್ ಬಂತು.

“ಕಟ್ಟಕಡೇಗೂ ನೀರ್ ಬಂತು ಮೇಡಂ. ಕಾರ್ಯದರ್ಶಿ ಗದ್ದೆ ತುಂಬೋದೆ. ಈ ಬೇಸಾಯ ಮುಗಿಯಗಂಟ ಮಾವ್ನೇ ಅಂತ ಸಂಘದೋರು ಅಂದ್ರು. ಮೂಲೆಮೂಲೆಗೆಲ್ಲ ಕೂಗಾಕೆ ಗದ್ದೆಯೋರು ಅವತ್ತು ಬದಿನ್ ಮೇಲೇ ಇರ‍್ಬೇಕಂತೆ, ಅದೊಂದ್ ಬರ‍್ಕಂಡವ್ರೆ.” ಅವಳು ನಗುತ್ತಿದ್ದಳು. “ಮಾವ ನಿಮ್ ಟ್ಯಾಬ್ ಇಡ್ಕಂಡು ಕುಂತವ್ರೆ. ಇನ್ನೊಂದು ವಾರದ್ದು ಬಾಕಿ ಅದಂತಲ್ಲ, ಅರ್ಧಕ್ಕೆ ಬುಡಾಕಿಲ್ಲ ಅಂತಾರೆ.”

ಒಟ್ಟು ಎಷ್ಟು ಗದ್ದೆ ತಪ್ಪಿದವು ಎಂದು ನಾನು ಕೇಳಲಿಲ್ಲ.